ಪರಸ್ಯಾನ ತಾಯಿ ರೇವವ್ವ

ಮಸೂತಿ ಅನ್ನೋ ಊರಿನ ರೇವವ್ವ ಕೋರ್ಟಿಗೆ ಕೈ ಮುಗೀತಾಳಂತ ಊರಾಗಿನ ಮಂದಿ ನಗ್ತಿದ್ರು. ನಗೋರಿಗೇನ್ರಿ, ಹಲ್ಲು ಪುಕ್ಕಟೆ! ವಿಜಾಪುರಕ್ಕ ಹೋದಾಗೊಮ್ಮೆ ಆಕಿ ಆ ಕಟ್ಟಡದ ಮುಂದ ಚಪ್ಪಲಿ ಬಿಟ್ಟು, ಸೆರಗು ಹೊತ್ತು, ಕಣ್ಣು ಮುಚ್ಚಿ ನಿಲ್ತಿದ್ಲು. ಯಾಕ ಅನ್ನೋದು ಕೇಳಿದ್ರ ನಗೋ ಬಾಯಿ ತಾನ ಮುಚ್ಚತೈತಿ.

ರೇವವ್ವ ಕುರಿ ಕಾಯೋರ ಮನಿ ಮಗಳು. ಸಣ್ಣ ವಯಸ್ಸಿನಾಗ ಗಂಡ ಸತ್ತ. ಮುಂದ ಮುಳವಾಡದ ಸೋಮನಿಂಗ ಆಕೀನ ಉಡಕಿ ಮಾಡಿಕೊಂಡ. ಉಡಕಿ ಅಂದ್ರ ಗಂಡ ಸತ್ತಾಕಿಗೆ ಎರಡನೇ ಮದುವಿ. ಹಂದರ ಇಲ್ಲ, ವಾಲಗ ಇಲ್ಲ, ಮುತ್ತೈದೇರು ಹತ್ರ ಸುಳಿಯಂಗಿಲ್ಲ. ಹೊತ್ತು ಮುಳುಗಿದ ಮ್ಯಾಲ ಹೊಸ ಸೀರಿ ಉಡಿಸಿ ಕೊರಳಿಗೆ ಕರಿಮಣಿ ಕಟ್ಟಿದ್ರ ಮುಗೀತು.

ಸೋಮನಿಂಗಗ ಮೊದಲನೇ ಹೆಂಡತಿ ಚಂದವ್ವ ಇದ್ಲು, ಮಕ್ಕಳಿರಲಿಲ್ಲ. ಹೆಂಡತಿ ಇರೋವಾಗ ಇನ್ನೊಂದು ಮದುವಿ ಆದ್ರ ಜೇಲು ಅಂತ ಯಾರೋ ಹೆದರಿಸಿದ್ದ ತಡ, ಈ ಗಂಡಸು ಪಂಚರ ಮುಂದ ನಿಂತು, "ಅದೆಂಥಾ ಮದುವಿ? ಕೂಲಿಗೆ ಬಂದಾಕಿಗೆ ಒಂದು ಸೀರಿ ಕೊಟ್ಟೇನಿ, ಅಷ್ಟ" ಅಂದುಬಿಟ್ಟ. ಥೂ! ಬಸುರಿ ಹೆಂಗಸು ಅಳಕೋತ ಮಸೂತಿಗೆ, ತಾಯಿ ಶೇವಂತೆವ್ವನ ಮನಿಗೆ ಬಂದ್ಲು. ಅಲ್ಲೇ ಪರಸ್ಯಾ ಹುಟ್ಟಿದ. ಸೋಮನಿಂಗ ಹಣಿಕಿ ಹಾಕಿ ಸುದ್ದಾ ನೋಡಲಿಲ್ಲ.

ಹುಡುಗಗ ಆರು ತುಂಬಿದಾಗ, ಅರವತ್ತೊಂದನೇ ಇಸ್ವಿಯಾಗ, ಬಂಡಿ ಹೂಡಿಕೊಂಡು ಬಂದ. "ನನ್ನ ರಕ್ತ ಐತಿ, ಕಳಸು" ಅಂದ. ಊರ ಹಿರ್ಯಾರೂ ಅವನ ಕಡೇನ. "ಬಿತ್ತಿದವನದ ಬೆಳಿ, ಕೊಟ್ಟುಬಿಡವಾ" ಅಂದ್ರು.

"ಹೊಲಕ್ಕ ಬಾಯಿಲ್ರಿ, ನನಗೈತಿ. ಕೊಡಂಗಿಲ್ಲ" ಅಂದ್ಲು ರೇವವ್ವ.

ಸೋಮನಿಂಗ ವಿಜಾಪುರದಾಗ ದಾವೆ ಹಾಕಿದ. ರಕ್ತ ಅಂದ್ರ ಸಾಕು, ಕೋರ್ಟು ಹುಡುಗನ್ನ ಎತ್ತಿ ಕೊಡತೈತಿ ಅಂತ ತಿಳಕೊಂಡಿದ್ದ. ತಾಯಿ ಮಗಳು ಹೆದರಿ, ಬಾಗೇವಾಡಿಯ ಫಕ್ರುದ್ದೀನ ವಕೀಲರ ಕಟ್ಟಿ ಹತ್ತಿದ್ರು.

"ನೋಡು ತಂಗಿ," ಅಂದ್ರು ವಕೀಲರು, "ಹೊಸ ಕಾಯ್ದೆ ಬಂದು ಐದು ವರ್ಷ ಆತು. ಮದುವಿ ಆಗಿ ಹುಟ್ಟಿದ ಮಗ ಐದು ದಾಟಿದ್ರ ಅಪ್ಪನ ಮಾತು ಮುಂದ. ಮದುವಿ ಇಲ್ಲದ ಹುಟ್ಟಿದ್ರ ತಾಯೀನ ಪಾಲಕಿ, ಅಪ್ಪ ಆಕಿ ಹಿಂದ."

ರೇವವ್ವ ಬಾಯಿ ಬಿಟಗೊಂಡು ಕುಂತ್ಲು. "ನನ್ನಂಥಾಕೀದೂ ಬರದಾರೇನ್ರಿ ಅದರಾಗ?"

"ಬರದಾರವ್ವ."

"ದಿಲ್ಲ್ಯಾಗ ಕುಂತವ್ರು ನನ್ನ ಎಲ್ಲಿ ಕಂಡಿದ್ರಿ, ಸಾಹೇಬ್ರ?"

ವಕೀಲರು ನಗಾಕ ಹೋದ್ರು, ನಗು ಬರಲಿಲ್ಲ. "ಮದುವಿ ಆಗಿತ್ತೋ ಇಲ್ಲೋ ಅಂತ ಕೇಳ್ತಾರ. ಸುಳ್ಳು ಹೇಳು ಅಂತ ನಾ ಹೇಳಂಗಿಲ್ಲ" ಅಂದ್ರು.

ಅಲ್ಲೇ ಇತ್ತು ನೋಡ್ರಿ ಕುತ್ತು! ಮದುವಿ ಆಗೈತಿ ಅಂದ್ರ ಮಗ ಹೋಗ್ತಾನ. ಇಲ್ಲ ಅಂದ್ರ ಮಂದಿ ಇಟಗೊಂಡಾಕಿ ಅಂತಾರ. ಆ ಕರಿಮಣಿ ಒಂದ ಆಕಿಯ ಮರ್ಯಾದಿ. "ಬಿಚ್ಚಿಟ್ಟು ಹೋಗ ಮಗಳ" ಅಂತ ಶೇವಂತೆವ್ವ ಬಡಕೊಂಡ್ಲು. ರೇವವ್ವನ ಕೈ ಏಳಲಿಲ್ಲ, ಹಾಕ್ಕೊಂಡ ಹೋದ್ಲು.

ಜಜ್ ಸಾಹೇಬ್ರ ಕಣ್ಣು ಮೊದಲು ಅದರ ಮ್ಯಾಲೇನ ಬಿತ್ತು. ಸೋಮನಿಂಗನ ಕಡೆ ತಿರುಗಿ, "ಆ ಕರಿಮಣಿ ಕಟ್ಟಿದವರು ನೀವೇನು?" ಅಂದ್ರು.

ಸೋಮನಿಂಗ ಮಣಿ ನೋಡಿದ, ಮಗನ್ನ ನೋಡಿದ, ಬಾಗಿಲದಾಗ ನಿಂತ ಪೊಲೀಸನ್ನ ನೋಡಿದ. ಹೌದು ಅಂದ್ರ ಮಗ ಸಿಕ್ಕಾನು, ಮನ್ಯಾಗ ಚಂದವ್ವ ಇದ್ದಾಳ, ಹಿಂದ ಜೇಲೂ ಬಂದೀತು. "ಇಲ್ರಿ. ಮದುವಿ ಆಗೇ ಇಲ್ರಿ" ಅಂದ.

ಈ ಮಾತು ಮತ್ತೊಮ್ಮೆ ಕೇಳಿದ್ರ ಸತ್ತೇ ಹೋಗ್ತೇನಿ ಅಂತ ರೇವವ್ವ ತಿಳಕೊಂಡಿದ್ಲು. ಸಾಯಲಿಲ್ಲ. ಎದಿಯಾಗಿನ ಕಲ್ಲು ಸರದಂಗಾತು.

"ನೀನೇನು ಹೇಳ್ತೀಯಮ್ಮಾ?"

"ಕಟ್ಟ್ಯಾರ್ರಿ. ಹೊತ್ತು ಮುಳುಗಿದ ಮ್ಯಾಲ ಕಟ್ಟಿದ್ದು, ನನಗಿನ್ನೂ ನೆನಪೈತಿ. ನಾ ಸುಳ್ಳಾಡಂಗಿಲ್ಲ. ನೀವು ಏನ್ ಮಾಡ್ತೀರೋ ಮಾಡ್ರಿ. ಆದ್ರ ಎರಡು ಸಲ ಇಲ್ಲ ಅಂದವನ ಮಣಿ ನನ್ನ ಕೊರಳಾಗ ಯಾಕ?" ಅಂದ್ಲು, ಅದನ್ನ ಬಿಚ್ಚಿ ಮೇಜಿನ ಮ್ಯಾಲಿಟ್ಲು. ಖರೆ ಆಡಿ ಮಗನ್ನ ಕಳಕೊಂಡೆ ಅಂದುಕೊಂಡು, ಮಗ್ಗಲದಾಗ ನಿಂತ ಪರಸ್ಯಾನ್ನ ಎತ್ತಿ ಅವಚಿಕೊಂಡ್ಲು.

ಜಜ್ಜರು ಸೋಮನಿಂಗಗ, "ಮದುವೆ ಆಗಿಲ್ಲ ಅಂತ ನೀವೇ ಹೇಳಿದಿರಿ. ಆಗಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಇಲ್ಲ. ಹಾಗಿದ್ದ ಮೇಲೆ ಕಾಯ್ದೆಯ ಪ್ರಕಾರ ಈ ಹುಡುಗನಿಗೆ ತಾಯಿಯೇ ಪಾಲಕಿ. ಅವನು ಬೆಳೆದಿರೋದೂ ಅವಳ ಕೈಯಲ್ಲೇ. ಅಲ್ಲೇ ಇರಲಿ" ಅಂದ್ರು.

ಬಾಗಿಲದಾಗ ಹೆಸರು ಕೂಗೋ ಪಟ್ಟೇವಾಲಾ ಸುದ್ದಾ ಮುಂದಿನ ಹೆಸರು ಕೂಗೋದು ಮರತು ನಿಂತಿದ್ದ. ಸೋಮನಿಂಗ ತನ್ನ ನಾಲಿಗಿಯಿಂದ ತಾನ ಮಗನ್ನ ಕಳಕೊಂಡು, ರುಮಾಲು ಕೈಯಾಗ ಹಿಡಕೊಂಡು ನಡದ.

ಹೊರಗ ಬಂದ ಮ್ಯಾಲ ಪರಸ್ಯಾ ತಾಯಿ ಕೊರಳು ಮುಟ್ಟಿ, "ಯವ್ವಾ, ಮಣಿ ಅಲ್ಲೇ ಬಿಟ್ಟಿ" ಅಂದ. ಆಕಿ ಮಗನ್ನ ಕೆಳಗಿಳಿಸಿ, ಚಪ್ಪಲಿ ಬಿಟ್ಟು, ಆ ಕಟ್ಟಡದ ಕಡೆ ತಿರುಗಿ ಕೈ ಮುಗದು ನಿಂತ್ಲು. ಕಣ್ಣಾಗಿನ ನೀರು ಗದ್ದಕ್ಕ ಇಳದ್ರೂ ಒರಸಿಕೊಳ್ಳಲಿಲ್ಲ.

"ಇದು ಯಾವ ದೇವರ ಗುಡಿ, ಯವ್ವಾ?"

"ನನಗೂ ಗೊತ್ತಿಲ್ಲ ಮಗನ," ಅಂದ್ಲು ರೇವವ್ವ. "ನನ್ನಂಥಾಕೀನೂ ಒಬ್ಬಾಕಿ ಇರ್ತಾಳಂತ ಯಾರಿಗೋ ನೆನಪಾಗಿತ್ತು. ಅವರಿಗೆ ಕೈ ಮುಗಿ."