ಅಕ್ಕನ ರೆಪ್ಪೆಗೂದಲು
ನಮ್ಮ ಲೇಸರ್ ಪ್ರಯೋಗಾಲಯದಲ್ಲಿ ಎಲ್ಲರೂ ಹೆದರುವುದು ಪ್ರೊಫೆಸರಿಗಲ್ಲ, ನಾವೆಲ್ಲ ‘ಅಕ್ಕ’ ಎಂದು ಕರೆಯುವ ಲ್ಯಾಬ್ ಸಹಾಯಕಿಗೆ. ಎರಡು ವಜ್ರಗಳ ಮೊನೆಗಳ ನಡುವೆ ಉಪ್ಪಿನ ಹರಳಿಗಿಂತ ಸಣ್ಣ ಲೋಹದ ಚೂರನ್ನು ಕೂರಿಸುವುದು ಅವರ ಕೆಲಸ. ಅದನ್ನು ಭೂಮಿಯ ಹೊಟ್ಟೆಯೊಳಗಿನಷ್ಟು ಒತ್ತಡದಲ್ಲಿ ಹಿಸುಕಿ, ಕಣ್ಣು ಮಿಟುಕಿಸುವ ಹೊತ್ತಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲಷ್ಟೇ ಇರುವ ಲೇಸರ್ ಮಿಂಚು ಬಿಟ್ಟು, ಅದು ಹೇಗೆ ನಡುಗುತ್ತದೆಂದು ನೋಡುವುದು ನಮ್ಮದು. ಅಕ್ಕ ಚೂರು ಎತ್ತುವ ದಿನ ಫ್ಯಾನು ತಿರುಗುವುದಿಲ್ಲ, ನೆಗಡಿಯಾದವರು ತಾವಾಗಿಯೇ ರಜೆ ಹಾಕುತ್ತಾರೆ. “ಉಸಿರಾಡ್ಲೇಬೇಕು ಅಂದ್ರೆ ಕಾರಿಡಾರಿಗೆ ಹೋಗಿ ಆಡಿ ಸರ್” ಎಂದು ಪ್ರೊಫೆಸರಿಗೇ ಹೇಳಿದ್ದುಂಟು. ಪ್ರೊಫೆಸರು ಒಮ್ಮೆ ಸೀನಿ ಚೂರು ಹಾರಿಹೋದಾಗ, ನಾವು ಆರು ಜನ ಸಂಶೋಧಕರು ಮಧ್ಯಾಹ್ನವಿಡೀ ನೆಲದ ಮೇಲೆ ಅಂಬೆಗಾಲಿಟ್ಟೆವು. ಚೂರು ಎತ್ತಲು ಅಕ್ಕನ ಆಯುಧವೆಂದರೆ ಬೆಂಕಿಕಡ್ಡಿಯ ತುದಿಗೆ ಅಂಟಿಸಿದ ಒಂದೇ ಒಂದು ರೆಪ್ಪೆಗೂದಲು. ಲೇಸರನ್ನು ಯಾರು ಬೇಕಾದರೂ ಮುಟ್ಟಬಹುದು, ಆ ಕಡ್ಡಿಯನ್ನು ಮುಟ್ಟುವ ಹಾಗಿಲ್ಲ. ನಮ್ಮ ರೆಪ್ಪೆಗೂದಲು ಕೊಡಲು ಹೋದರೆ, “ನಿಮ್ದು ಒರಟು, ಇವ್ರದ್ದು ಡೊಂಕು” ಎಂದು ತಳ್ಳಿಹಾಕುತ್ತಾರೆ. “ಹಾಗಾದ್ರೆ ಇದು ಯಾರದ್ದಮ್ಮ?” ಎಂದು ಮೊನ್ನೆ ಪ್ರೊಫೆಸರು ಕೇಳಿಯೇಬಿಟ್ಟರು. ಅಕ್ಕ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಲಿಲ್ಲ. “ನಮ್ಮಮ್ಮಂದು ಸರ್. ಕೊನೇಲಿ ಕಣ್ಣು ಮುಚ್ಚಿಸ್ವಾಗ ನನ್ನ ಬೆರಳಿಗೆ ಅಂಟ್ಕೊಂಡು ಬಂತು.” ಅವತ್ತು ಯಾರೂ ಹೇಳದೆಯೇ ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು.