ಎಡೆಯ ಮುಂದಿಟ್ಟ ಚಕ್ರ

ಆ ಬೇಸಿಗೆಯಿಡೀ ನಾವಿಬ್ಬರು ಚಕ್ರದ ವಿಷಯ ಬಿಟ್ಟು ಬೇರೇನನ್ನೂ ಮಾತಾಡಲಿಲ್ಲ. ನಾವಿಬ್ಬರು ಅಂದರೆ ಬಣಕಲ್ಲಿನ ಹತ್ತಿರ ಸಣ್ಣ ತೋಟ ಇಟ್ಟುಕೊಂಡಿದ್ದ ನಾನು ಮತ್ತು ಗೋಣಿಬೀಡಿನ ಕಡೆ ನನ್ನದಕ್ಕಿಂತ ದೊಡ್ಡ ತೋಟ ಇಟ್ಟುಕೊಂಡಿದ್ದ ನನ್ನ ಗೆಳೆಯ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಇಬ್ಬರಿಗೂ ಹೊಟ್ಟೆ ಬಂದಿತ್ತು, ಇಬ್ಬರ ರಕ್ತದಲ್ಲೂ ಸಕ್ಕರೆ ಕಾಣಿಸಿಕೊಂಡಿತ್ತು. ನಡೆಯಿರಿ ಎಂದಷ್ಟೇ ಹೇಳಿದ್ದರು ಚಿಕ್ಕಮಗಳೂರಿನ ಡಾಕ್ಟರು. ನಾವು ಹೋಗಿ ಬಾಗಿದ ಹ್ಯಾಂಡಲ್ಲಿನ, ಹೆಬ್ಬೆರಳಿಗಿಂತ ಸಪೂರ ಟೈರಿನ ರೇಸ್ ಸೈಕಲ್ ತಂದೆವು. ಮನೆಯಲ್ಲಿ ಕಾರಿದ್ದೂ ಸೈಕಲ್ ತುಳಿಯುವವರನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಜೀಪಿನವರು ನಿಲ್ಲಿಸಿ, ಗಾಡಿ ಏನಾಯ್ತು, ಹತ್ತಿ, ಬಿಡ್ತೀವಿ ಎನ್ನುತ್ತಿದ್ದರು.

ಸೈಕಲ್ಲಿನ ಜೊತೆ ಬಂದ ಚಕ್ರಗಳು ಭಾರ. ಒಳ್ಳೆಯ ಚಕ್ರ ಹಾಕಿದರೆ ಏರು ಹತ್ತುವುದು ಹಗುರಾಗುತ್ತದೆ ಎಂಬುದು ಗೆಳೆಯನ ತಲೆಗೆ ಹೊಕ್ಕಿತು. ನನ್ನ ತಲೆಗೆ ಹೊಕ್ಕಿದ್ದು ಬೇರೆ. ಹಗುರಾದ ಚಕ್ರಕ್ಕೆ ಕಡ್ಡಿ ಕಡಿಮೆ. ಕೊಟ್ಟಿಗೆಹಾರದಿಂದ ಕಳಸದ ಕಡೆ ಇಳಿಯುವಾಗ ಒಂದು ಕಡ್ಡಿ ಮುರಿದರೆ ಉಳಿದವು ಎಷ್ಟು ಹೊತ್ತು ನನ್ನನ್ನು ಹೊರುತ್ತವೆ? ರಿಮ್ಮು ಬಿಸಿಯಾಗಿ ಟ್ಯೂಬು ಒಡೆದರೆ? ಒಡೆದಾಗ ಎದುರಿಗೆ ಬಸ್ಸು ಬಂದರೆ? ಇವನ್ನೆಲ್ಲ ಕೇಳಿದರೆ ಗೆಳೆಯ, ‘ನೀನು ಮಂಚದ ಮೇಲೂ ಹೆಲ್ಮೆಟ್ ಹಾಕ್ಕೊಂಡೇ ಮಲಗು ಮಾರಾಯ’ ಎನ್ನುತ್ತಿದ್ದ.

ಇನ್ನೊಂದು ತಕರಾರು ಸದ್ದಿನದು. ಸೈಕಲ್ ಬಗ್ಗೆ ತಲೆ ಕೆಡಿಸಿಕೊಳ್ಳದವರಿಗಾಗಿ ಇದನ್ನು ಇಲ್ಲೇ ಹೇಳಿಬಿಡಬೇಕು. ತುಳಿಯುತ್ತಿರುವಷ್ಟು ಹೊತ್ತು ಹಿಂದಿನ ಚಕ್ರ ಏನೂ ಅನ್ನುವುದಿಲ್ಲ. ಕಾಲು ನಿಲ್ಲಿಸಿ, ಗಾಡಿ ತಾನಾಗಿ ಉರುಳಲು ಬಿಟ್ಟಾಗ ಮಾತ್ರ ಚಕ್ರದ ನಡುವಿನ ಹಬ್ಬಿನೊಳಗಿನ ಹಲ್ಲುಗಳು ಕಟಕಟ ಎನ್ನುತ್ತವೆ. ಹಳೆಯ ಚಕ್ರಗಳಲ್ಲಿ ಆ ಸದ್ದು ಇತ್ತೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಗೆಳೆಯ ಆರಿಸಿದ ಜೋಡಿಯದ್ದು ಮಾತ್ರ ದೊಡ್ಡ ಬಾಯಿ. ಅವನಿಗೆ ಬೇಕಾಗಿದ್ದೂ ಅದೇ. ಮಂಜು ಕವಿದ ತಿರುವಿನಲ್ಲಿ ಬೆಲ್ ಬಾರಿಸಿದರೆ ದನ ಅಲುಗುವುದಿಲ್ಲ, ಈ ಸದ್ದಿಗೆ ಮನುಷ್ಯರೂ ಪಕ್ಕಕ್ಕೆ ಸರಿಯುತ್ತಾರೆ ಎಂದು ವಾದಿಸಿದ. ಏರುವುದೇ ಇಳಿಯುವುದಕ್ಕೋಸ್ಕರ ಎಂದು ನಂಬಿದ್ದ ಮನುಷ್ಯ. ಕಾಲೆರಡನ್ನೂ ನಿಲ್ಲಿಸಿ, ಮೈಯನ್ನು ಹ್ಯಾಂಡಲ್ಲಿಗೆ ಅಂಟಿಸಿಕೊಂಡು ತಿರುವಿನೊಳಗೆ ಮಾಯವಾಗುತ್ತಿದ್ದ. ನಾನು ಎರಡೂ ಬ್ರೇಕು ಹಿಡಿದುಕೊಂಡು, ಕೆಟ್ಟದ್ದನ್ನೇ ಯೋಚಿಸಿಕೊಂಡು, ಅವನ ಹಿಂದೆ ಬರುತ್ತಿದ್ದೆ.

ಚಕ್ರ ಬಂದಿದ್ದು ಮಳೆ ಹಿಡಿದ ಮೇಲೆ. ನಮ್ಮ ಮಳೆಯಲ್ಲಿ ಆ ಟೈರನ್ನು ರಸ್ತೆಗಿಳಿಸುವಂತಿಲ್ಲ. ಅದಕ್ಕೇ ಇಬ್ಬರೂ ಮನೆಯೊಳಗೆ ಒಂದೊಂದು ಸ್ಟ್ಯಾಂಡು ಇಟ್ಟುಕೊಂಡಿದ್ದೆವು. ಹಿಂದಿನ ಚಕ್ರವನ್ನು ಅದಕ್ಕೆ ಸಿಕ್ಕಿಸಿ, ಟೈರು ಒಂದು ಉರುಳೆಗೆ ಒತ್ತುವ ಹಾಗೆ ಬಿಗಿದು, ನಿಂತಲ್ಲೇ ತುಳಿಯುವುದು. ಉರುಳೆಗೆ ಉಜ್ಜಿ ಉಜ್ಜಿ ಟೈರು ಬಿಸಿಯಾಗಿ ಕರೀ ಪುಡಿ ಉದುರುತ್ತದೆ. ಹಾಗಾಗಿ ಒಳಗೆ ತುಳಿಯಲು ಹಳೆಯ ಟೈರು ಹಾಕಿದ ಇನ್ನೊಂದು ಚಕ್ರ ಇರಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೆ. ನನಗೆ ಟೈರಿನ ಚಿಂತೆಗಿಂತ ಕಾಫಿಯ ಚಿಂತೆ ಜಾಸ್ತಿ. ಸ್ಟೋರಿನಲ್ಲಿ ಮಾರದೆ ಉಳಿದ ಪಾರ್ಚ್‌ಮೆಂಟು, ಅಂದರೆ ತೊಳೆದು ಒಣಗಿಸಿದ ಕಾಫಿಬೀಜ, ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಕುಡಿದು ನೋಡುವವರು ಇದು ಸುಟ್ಟ ರಬ್ಬರು ಎಂದುಬಿಟ್ಟರೆ? ಹಾಗಾಗಿ ನನ್ನ ಸ್ಟ್ಯಾಂಡು ಸ್ಟೋರಿನಿಂದ ಸೌದೆಮನೆಗೆ, ಸೌದೆಮನೆಯಿಂದ ಅಡಿಗೆಮನೆಯ ಪಕ್ಕದ ಕೋಣೆಗೆ ಬಂದು ನಿಂತಿತ್ತು. ಗೆಳೆಯನಿಗೆ ಇಂಥ ರಗಳೆಗಳಿರಲಿಲ್ಲ. ಮಳೆ ಬಿಡುವ ತನಕ ಕಾಯಲಾರದೆ ಹೊಸ ಚಕ್ರವನ್ನೇ ಸ್ಟ್ಯಾಂಡಿಗೆ ಹಾಕಿಕೊಂಡ. ಫೋನಿನಲ್ಲಿ ಅದರ ಕಟಕಟವನ್ನು ನನಗೆ ಕೇಳಿಸಿದ.

ಅದಾಗಿ ಒಂದು ವಾರವೂ ಆಗಿರಲಿಲ್ಲ, ಆ ಸೈಕಲ್ಲಿನ ಮೇಲೆಯೇ ತೀರಿಕೊಂಡ.

ಬೆಳಗಿನ ಹೊತ್ತು. ಅವನ ಹೆಂಡತಿ ಅಡಿಗೆಮನೆಯಲ್ಲಿ ಕಡುಬು ಬೇಯಿಸುತ್ತಿದ್ದರು. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ಅವನು ನಡುವೆ ಒಂದೇ ಬಾಗಿಲು ಇದ್ದ ಪಕ್ಕದ ಕೋಣೆಯಲ್ಲಿದ್ದ. ‘ಸದ್ದು ನಿಂತಿತು, ಹೋಗಿ ನೋಡಿದೆ, ಹ್ಯಾಂಡಲ್ಲಿನ ಮೇಲೆ ಮಲಗಿದ್ದರು.’ ಅತ್ತಿಗೆ ಬಂದವರಿಗೆಲ್ಲ ಹೇಳಿದ್ದು ಇಷ್ಟೇ. ಮೂಡಿಗೆರೆಯಿಂದ ಬಂದ ಡಾಕ್ಟರು ಕೈ ಮುಟ್ಟಿ ನೋಡಿ, ಅತ್ತಿಗೆ ನೋಡುವ ಹೊತ್ತಿಗಾಗಲೇ ಜೀವ ಹೋಗಿ ಸುಮಾರು ಹೊತ್ತಾಗಿತ್ತು ಎಂದುಬಿಟ್ಟರು. ಅವರು ಅದನ್ನು ಬಾಗಿಲ ಹೊರಗೆ ಹೇಳಬಹುದಿತ್ತು. ಗೆಳೆಯನ ಅಕ್ಕ ಅಲ್ಲೇ ನಿಂತಿದ್ದರು. ಒಂದು ಬಾಗಿಲು ಆಚೆ ಇದ್ದುಕೊಂಡು ತಿರುಗಿ ನೋಡಲಿಲ್ಲವಂತೆ ಎಂಬ ಮಾತು ತಿಥಿಯ ಹೊತ್ತಿಗೆ ಗೋಣಿಬೀಡು ದಾಟಿ ನನ್ನ ತನಕವೂ ಬಂತು. ಅತ್ತಿಗೆಯ ಎದುರು ಯಾರೂ ಅನ್ನಲಿಲ್ಲ. ಆದರೆ ಅವರು ಬಡಿಸಿದ್ದನ್ನು ಆ ಅಕ್ಕ ಉಣ್ಣುವುದನ್ನು ಬಿಟ್ಟರು.

ವರ್ಷ ತುಂಬಿತು. ಪಿತೃಪಕ್ಷದ ಅಮಾವಾಸ್ಯೆಯ ದಿನ ಅವನನ್ನು ಹಿರಿಯರ ಜೊತೆ ಸೇರಿಸಿ ಎಡೆ ಇಡುತ್ತೇವೆ, ಬರಬೇಕು ಎಂದು ಹೇಳಿಕಳಿಸಿದರು. ಹೋದೆ. ಹೋಗುವಾಗ ನನ್ನ ತಲೆಯಲ್ಲಿದ್ದದ್ದೂ ಚಕ್ರವೇ. ನಾನಿನ್ನೂ ಹೊಸ ಜೋಡಿ ಆರಿಸಿರಲಿಲ್ಲ. ಹಗುರವಾದದ್ದು ಕಂಡರೆ ಹೆದರಿಕೆ, ಗಟ್ಟಿಯಾದದ್ದು ಕಂಡರೆ ಬೇಸರ. ಅವನ ಚಕ್ರ ಏನಾಯಿತೋ ಎಂದು ಕಾರಿನಲ್ಲಿ ಒಮ್ಮೆ ಯೋಚಿಸಿ, ಛೆ ಎಂದುಕೊಂಡು, ಸ್ವಲ್ಪ ದೂರ ಹೋಗಿ ಮತ್ತೆ ಯೋಚಿಸಿದೆ.

ಚಕ್ರ ಎಡೆಯ ಮುಂದೆಯೇ ಇತ್ತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುವುದು ನಮ್ಮಲ್ಲಿ ಪದ್ಧತಿ. ಬಾಳೆಲೆಯ ಮೇಲೆ ಕಡುಬು, ಕೋಳಿ ಸಾರು, ಪಕ್ಕದಲ್ಲಿ ಒಂದು ಲೋಟ ರಮ್ಮು, ಹೊಸ ಪಂಚೆ. ಅವುಗಳ ಎದುರಿಗೆ, ಗೋಡೆಯ ಮೇಲಿನ ಫೋಟೋಗಳ ಕೆಳಗೆ, ಸ್ಟ್ಯಾಂಡಿನ ಸಮೇತ ಸೈಕಲ್ಲು. ಯಾರೋ ಕಡ್ಡಿಗಳ ನಡುವೆ ಸೇವಂತಿಗೆ ಸಿಕ್ಕಿಸಿದ್ದರು. ಟೈರಿನಲ್ಲಿ ಗಾಳಿ ಇರಲಿಲ್ಲ.

ಧೂಪ ಹಾಕಿದರು. ಎಲ್ಲರೂ ಕೈ ಮುಗಿದು ಹೊರಗೆ ಬಂದೆವು. ಗೆಳೆಯನ ದೊಡ್ಡಪ್ಪ ಬಾಗಿಲು ಎಳೆದುಕೊಂಡರು. ಹಿರಿಯರು ಬಂದು ಉಂಡು ಹೋಗುವ ತನಕ ಒಳಗೆ ಇಣುಕುವಂತಿಲ್ಲ, ಮಾತಾಡುವಂತಿಲ್ಲ. ಸಂಜೆಯ ಬೆಳಕು ಇನ್ನೂ ಇತ್ತು. ಜಗಲಿಯ ಮೇಲೆ ನಿಂತು ತೋಟದ ಕಡೆ ನೋಡುತ್ತಿದ್ದೆವು. ಸಿಲ್ವರ್ ಮರಗಳ ನಡುವೆ ಮಂಜು ಇಳಿಯುತ್ತಿತ್ತು. ಒದ್ದೆ ನೆಲದ ಮೇಲೆ ಇಟ್ಟ ಊದುಬತ್ತಿ ಆರಿಹೋದರೆ ಅಪಶಕುನವೇ ಎಂದು ನಾನು ಚಿಂತಿಸುತ್ತಿದ್ದೆ.

ಒಳಗಿಂದ ಕಟಕಟ ಕೇಳಿಸಿತು.

ಮೊದಲು ಬಿಡಿಬಿಡಿಯಾಗಿ, ಆಮೇಲೆ ಒಂದಕ್ಕೊಂದು ಅಂಟಿಕೊಂಡು, ಇಳಿಜಾರಿನಲ್ಲಿ ವೇಗ ಸಿಕ್ಕ ಹಾಗೆ. ಯಾರೂ ಅಲುಗಲಿಲ್ಲ. ದೊಡ್ಡಪ್ಪ ಬಾಯಿಯ ಮೇಲೆ ಬೆರಳಿಟ್ಟರು. ಗೆಳೆಯನ ಅಕ್ಕ ಕಣ್ಣು ಮುಚ್ಚಿಕೊಂಡರು. ಇಲಿ ಇರಬಹುದು, ಗಾಳಿ ಇರಬಹುದು ಎಂದು ನಾನು ಒಂದೊಂದಾಗಿ ಜೋಡಿಸುತ್ತಿದ್ದೆ. ಗಾಳಿ ಇಲ್ಲದ ಟೈರನ್ನು ಉರುಳೆ ಅಷ್ಟೇನೂ ಬಿಗಿಯಾಗಿ ಹಿಡಿದಿರಲಿಕ್ಕಿಲ್ಲ, ಚಕ್ರ ತನ್ನ ಭಾರಕ್ಕೆ ತಾನೇ ತೂಗಿಕೊಂಡಿರಬಹುದು. ಆದರೆ ತೂಗುವ ಚಕ್ರ ವೇಗ ಹಿಡಿಯುವುದಿಲ್ಲ. ಸದ್ದು ತಿರುವಿನಾಚೆ ಹೋದ ಹಾಗೆ ಸಣ್ಣದಾಗಿ, ನಿಂತಿತು.

ದೊಡ್ಡಪ್ಪ ಬಾಗಿಲು ತೆಗೆದರು. ಎಲ್ಲ ಇಟ್ಟಲ್ಲೇ ಇತ್ತು. ಒಂದು ಸೇವಂತಿಗೆ ಮಾತ್ರ ಕೆಳಗೆ ಬಿದ್ದಿತ್ತು. ‘ಬಂದಿದ್ದ. ಖುಷಿಯಾಗಿದಾನೆ’ ಎಂದು ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಲ್ಲಿಗೆ ಅದು ಮುಗಿಯಿತು. ಊಟಕ್ಕೆ ಎಲೆ ಹಾಕಿದರು, ಮಾತು ಕರಿಮೆಣಸಿನ ಕಡೆ ತಿರುಗಿತು. ನಾನು ಎರಡನೇ ಸಲ ಕೋಳಿ ಸಾರು ಹಾಕಿಸಿಕೊಂಡೆ. ಹೆದರಿಕೆಯಾದರೆ ನನಗೆ ಹಸಿವು ಜಾಸ್ತಿ.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅತ್ತಿಗೆ ಬಂದರು. ಸೈಕಲ್ಲನ್ನು ಮೊದಲಿದ್ದ ಕೋಣೆಗೆ ಸೇರಿಸಲು ನನ್ನನ್ನೇ ಕರೆದಿದ್ದು. ಇಬ್ಬರೂ ಅದನ್ನು ಎತ್ತಿಕೊಂಡು ಅಡಿಗೆಮನೆ ದಾಟಿ ಹೋದೆವು. ಅಲ್ಲಿಟ್ಟ ಮೇಲೆ ಅವರು ಹೊರಟುಹೋಗಲಿಲ್ಲ. ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ ಎಂದು ಶುರುಮಾಡಿ, ಅವತ್ತಿನ ಬೆಳಗನ್ನು ಹೇಳಿದರು. ಹಳೆಯ ಚಕ್ರ ಇದ್ದಾಗ ಗುಂಯ್ ಅನ್ನುವುದೊಂದೇ ಕೇಳುತ್ತಿತ್ತಂತೆ. ಹೊಸದು ಬಂದ ಮೇಲೆ ಈ ಕಟಕಟ ಸೇರಿಕೊಂಡಿತು. ಅವತ್ತು ಕಡುಬಿನ ಪಾತ್ರೆ ಒಲೆಗಿಟ್ಟಾಗ ಅದು ಶುರುವಾಯಿತು. ಬೆಂದು, ಇಳಿಸಿ, ತಟ್ಟೆಗೆ ಹಾಕುವ ತನಕವೂ ಕೇಳುತ್ತಲೇ ಇತ್ತು. ಇವತ್ತು ಜೋರಾಗಿ ತುಳಿಯುತ್ತಿದ್ದಾರೆ ಅಂದುಕೊಂಡು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದರು.

‘ಡಾಕ್ಟ್ರು ಅಷ್ಟೊತ್ತಾಗಿದೆ ಅಂದ್ರು. ನಾನು ಕೇಳ್ತಾನೇ ಇದ್ನಲ್ಲ’ ಎಂದರು. ‘ನಿಮಗೆ ಈ ಸದ್ದು ಗೊತ್ತು. ನನ್ನ ಸಮಾಧಾನಕ್ಕೆ ಏನೂ ಹೇಳ್ಬೇಡಿ. ಆ ಸದ್ದು ಬರ್ತಿದ್ರೆ ಅವ್ರು ತುಳೀತಿದ್ರು ಅಂತ ತಾನೇ?’

ಕಾಫಿ ರೇಟಿನಿಂದ ಹಿಡಿದು ಕಡ್ಡಿಯ ತನಕ ಆಗದೇ ಇರುವುದನ್ನೆಲ್ಲ ಮೊದಲೇ ಚಿಂತಿಸಿ ಇಟ್ಟುಕೊಳ್ಳುವ ನಾನು ಈ ಪ್ರಶ್ನೆಯನ್ನು ಮಾತ್ರ ಯೋಚಿಸಿರಲಿಲ್ಲ. ಹೌದು ಎನ್ನುವುದು ಸುಲಭವಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

‘ಇಲ್ಲ ಅತ್ತಿಗೆ. ಕಾಲು ನಿಂತ ಮೇಲೆ ಬರೋ ಸದ್ದು ಅದು’ ಎಂದೆ.

ಅತ್ತಿಗೆ ಗೋಡೆಗೆ ಕೈ ಕೊಟ್ಟರು. ನಾನು ಅವಸರದಲ್ಲಿ ಉಳಿದದ್ದನ್ನೂ ಹೇಳಿದೆ. ಸ್ಟ್ಯಾಂಡಿನ ಮೇಲೆ ಕಾಲು ನಿಂತರೆ ಚಕ್ರ ತುಸು ಹೊತ್ತು ತಿರುಗಿ ನಿಂತುಬಿಡುತ್ತದೆ, ಕಡುಬು ಬೇಯುವಷ್ಟು ಹೊತ್ತು ಯಾವ ಚಕ್ರವೂ ತಿರುಗುವುದಿಲ್ಲ. ಅವರು ಕೇಳಿದ್ದು ಆಗಲು ಸಾಧ್ಯವೇ ಇಲ್ಲದ್ದು. ಇದನ್ನು ಸಮಾಧಾನ ಎಂದುಕೊಂಡು ಹೇಳಿದೆನೋ ಏನೋ. ಅವರು ಸೈಕಲ್ಲಿನ ಕಡೆ ತಿರುಗಿ, ‘ಹತ್ತಿ ತೋರ್ಸಿ’ ಎಂದರು.

ಟೈರಿಗೆ ಗಾಳಿ ಹೊಡೆದು, ಉರುಳೆ ಬಿಗಿದೆ. ಪಂಚೆ ಮೇಲೆ ಕಟ್ಟಿಕೊಂಡು, ಸತ್ತ ಗೆಳೆಯನ ಸೀಟಿನ ಮೇಲೆ, ಹೊಟ್ಟೆ ತುಂಬ ಎಡೆಯ ಊಟ ಮಾಡಿ ಕೂತೆ. ಅತ್ತಿಗೆ ಅಡಿಗೆಮನೆಗೆ ಹೋಗಿ, ಅವತ್ತು ನಿಂತಿದ್ದ ಹಾಗೆಯೇ ಒಲೆಯ ಕಡೆ ಮುಖ ಮಾಡಿ ನಿಂತು, ಬಾಗಿಲು ಎಳೆದುಕೊಂಡರು. ತುಳಿದೆ. ಗುಂಯ್ ಎಂದಿತು. ನನ್ನ ಎದೆಯೂ ಬಡಿಯಿತು, ಈಗ ನನಗೇ ಏನಾದರೂ ಆದರೆ ಅಕ್ಕ ಏನೆಂದು ಹೇಳಿಯಾರು ಎಂಬ ಯೋಚನೆಯೂ ಬಂತು. ಸಾಕೆನಿಸಿದಾಗ ಕಾಲು ನಿಲ್ಲಿಸಿದೆ. ಕಟಕಟ ಶುರುವಾಗಿ, ನಿಧಾನವಾಗಿ, ಬಿಡಿಯಾಗಿ, ನಿಂತಿತು. ಕೋಣೆ ನಿಶ್ಶಬ್ದವಾಯಿತು.

‘ನಿಲ್ಸಿ’ ಎಂದರು ಒಳಗಿಂದ.

ನಿಲ್ಲಿಸಿದೆ ಎಂದೆ.

‘ಇಲ್ಲ. ಇನ್ನೂ ಕೇಳ್ತಿದೆ.’

ಕೆಳಗೆ ನೋಡಿದೆ. ಚಕ್ರ ಅಲುಗುತ್ತಿರಲಿಲ್ಲ. ಒಂದು ಕೈಯನ್ನು ಹಿಂದೆ ಚಾಚಿ ರಿಮ್ಮನ್ನು ಹಿಡಿದುಕೊಂಡೆ. ಇನ್ನೂ ಕೇಳ್ತಿದೆಯಾ ಅತ್ತಿಗೆ ಎಂದು ಕೇಳಿದೆ. ಹೂಂ ಎಂದರು. ನನ್ನ ಕೈಯಲ್ಲಿ ತಣ್ಣಗಿನ ಅಲ್ಯೂಮಿನಿಯಂ ಇತ್ತು, ಅದರಾಚೆ ಏನೂ ಇರಲಿಲ್ಲ. ನೀವೇ ಬಂದು ನೋಡಿ ಎಂದೆ.

ಅವರು ಬಾಗಿಲು ತೆಗೆದರು. ಚಕ್ರವನ್ನು ಹಿಡಿದಿದ್ದ ನನ್ನ ಕೈಯನ್ನು ನೋಡಿದರು. ಒಂದು ಹೆಜ್ಜೆ ಹಿಂದಕ್ಕೆ, ಅಡಿಗೆಮನೆಯೊಳಗೆ, ಇಟ್ಟು ಕಿವಿಗೊಟ್ಟರು. ಮತ್ತೆ ಹೊಸ್ತಿಲು ದಾಟಿ ಬಂದು, ‘ಇಲ್ಲಿ ಇಲ್ಲ, ಅಲ್ಲಿ ಮಾತ್ರ’ ಎಂದರು. ಇನ್ನೊಂದು ಸಲ ಹಾಗೆಯೇ ಮಾಡಿದರು. ಆಮೇಲೆ ಹೊಸ್ತಿಲ ಮೇಲೆಯೇ ಕುಳಿತುಕೊಂಡರು. ಒಂದು ವರ್ಷದಿಂದ ಬಿಗಿಹಿಡಿದಿದ್ದ ಭುಜ ಕೆಳಗಿಳಿದದ್ದು ನನಗೆ ಕಾಣಿಸಿತು.

‘ಹಾಗಾದ್ರೆ ನನ್ನ ತಪ್ಪಲ್ಲ. ಯಾರು ಅಲ್ಲಿ ನಿಂತಿದ್ರೂ ಈ ಸದ್ದು ಕೇಳಿ, ತುಳೀತಿದ್ದಾರೆ ಅಂತ್ಲೇ ಅಂದ್ಕೊಳ್ತಿದ್ರು’ ಎಂದರು.

ನನಗಂತೂ ಕೇಳಿಸಿರಲಿಲ್ಲ. ಇಳಿದು ಅವರು ನಿಂತಿದ್ದಲ್ಲಿ ಹೋಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವರಾಗಿ ಎದ್ದು ಜಗಲಿಗೆ ಹೋಗಿ ಗೆಳೆಯನ ಅಕ್ಕನನ್ನು ಕೈ ಹಿಡಿದು ಕರೆದುಕೊಂಡು ಬಂದರು. ಒಲೆಯ ಮುಂದೆ ನಿಲ್ಲಿಸಿ, ಏನೂ ಹೇಳದೆ ಪಕ್ಕದಲ್ಲಿ ನಿಂತರು. ನಾನು ಕೋಣೆಯಲ್ಲಿ ನಿಂತ ಚಕ್ರವನ್ನು ಹಿಡಿದುಕೊಂಡೇ ಇದ್ದೆ. ತುಸು ಹೊತ್ತಿಗೆ ಅಕ್ಕ ಅಳುವುದು ಕೇಳಿಸಿತು. ಇನ್ನೂ ತುಸು ಹೊತ್ತಿಗೆ, ಊಟ ಆಯ್ತಾ ನಿಂದು ಎಂದು ಅತ್ತಿಗೆಯನ್ನು ಕೇಳುವುದೂ ಕೇಳಿಸಿತು. ಅತ್ತಿಗೆ ಇಲ್ಲ ಎಂದರು. ಇಬ್ಬರೂ ಅಲ್ಲೇ, ಒಲೆಯ ಪಕ್ಕ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡರು.

ಹೊರಡುವಾಗ ಅತ್ತಿಗೆ ಚಕ್ರದ ಜೋಡಿಯನ್ನು ನನ್ನ ಕಾರಿನಲ್ಲಿ ಇರಿಸಿದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬಂದಿದ್ದರೂ ಸಣ್ಣ ದನಿಯಲ್ಲಿ ಬರುತ್ತಿತ್ತು. ಅಷ್ಟು ಒಳ್ಳೆಯ ಚಕ್ರವನ್ನು ನಾನು ರಸ್ತೆಗಿಳಿಸಲಿಲ್ಲ. ರಸ್ತೆಗೆ ಕಡ್ಡಿ ಜಾಸ್ತಿ ಇರುವ, ಬಾಯಿ ಸತ್ತ ಜೋಡಿಯೊಂದನ್ನು ತರಿಸಿಕೊಂಡೆ. ಅವನದಕ್ಕೆ ಹಳೆಯ ಟೈರು ಹಾಕಿ ಮನೆಯೊಳಗೆ ತುಳಿಯುವುದಕ್ಕೆ ಇಟ್ಟುಕೊಂಡೆ. ಹೆಂಡತಿಗೆ ಒಂದೇ ಮಾತು ಹೇಳಿದ್ದೆ. ಕಟಕಟ ಕೇಳಿದ ಕೂಡಲೇ ಬಾಗಿಲು ತೆಗಿ, ಒಲೆ ಮೇಲೆ ಏನಿದ್ದರೂ ಸರಿ.

ಅವಳು ಚಾಚೂ ತಪ್ಪದೆ ತೆಗೆಯುತ್ತಾಳೆ. ನಾನು ಸುಸ್ತಾಗಿ ಕಾಲು ನಿಲ್ಲಿಸಿದಾಗೆಲ್ಲ ಬಾಗಿಲು ತೆರೆಯುತ್ತದೆ. ಅದರ ಮುಜುಗರಕ್ಕೇ ಈಗ ನಾನು ನಿಲ್ಲಿಸುವುದಿಲ್ಲ. ಚಕ್ರದ ಜೊತೆ ಕಾಲನ್ನೂ ನಿಧಾನ ಮಾಡುತ್ತ, ಸದ್ದಿಲ್ಲದೆ ಕೊನೆ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ನಾನು ಬೆವರು ಸುರಿಸಿಕೊಂಡು ಜೋರಾಗಿ ತುಳಿಯುತ್ತಿದ್ದಾಗ, ಅವಳು ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದಳು. ನನ್ನ ಕಾಲನ್ನು ನೋಡಿದಳು. ನಾನೂ ನೋಡಿಕೊಂಡೆ. ಕಾಲು ತಿರುಗುತ್ತಿತ್ತು.

ಅಡಿಗೆಮನೆಯಲ್ಲಿ ಕಟಕಟ ಕೇಳಿ ಬಂದಿದ್ದಳು ಅವಳು. ಬಾಗಿಲಿಗೆ ಒರಗಿಕೊಂಡು, ನಾನು ಇಳಿಯುವ ತನಕ ಅಲ್ಲೇ ನಿಂತಿದ್ದಳು.