ಅತೀಕ ಮಾಸ್ತರರ ಸಮುದ್ರ

ನಮ್ಮ ಸಿದ್ಧೇಶ್ವರ ಗುಡಿ ಹಿಂದಿನ ಓಣ್ಯಾಗ ಒಂದು ಸಮುದ್ರ ಐತಿ, ಅತೀಕ ಮಾಸ್ತರರ ಪಡಸಾಲ್ಯಾಗ, ಗಾಜಿನ ಪೆಟ್ಟಿಗ್ಯಾಗ. ಅದರಾಗ ಜೀವಂತ ಹವಳ ಬೆಳಿತಾವ, ಕಿತ್ತಳಿ ಬಣ್ಣದ ಮೀನ ಆಡ್ತಾವ. ಬ್ಯಾಸಗಿ ಬಂದ್ರ ಮನ್ಯಾಗಿನ ಟೇಬಲ್ ಫ್ಯಾನಿನ ಮುಖ ಪೆಟ್ಟಿಗಿ ಕಡೆ. ಮಾಸ್ತರು ಪೇಪರಲೇ ಗಾಳಿ ಬೀಸ್ಕೋತ ಕೂಡ್ತಾರ. "ಸೆಕಿಗೆ ನಮಗ ಬೆವರು ಬರ್ತೈತಿ, ಹವಳಕ್ಕ ಜೀವಾನ ಹೋಗ್ತೈತ್ರಿ" ಅನ್ನೋದು ಅವರ ನ್ಯಾಯ. ತಿಕೋಟಾದ ಸಾಲಿಂದ ಮನಿಗೆ ಫೋನ್ ಹಚ್ಚಿದ್ರ ಸಲಾಮ್ ಇಲ್ಲ, ಊಟ ಆತೇನು ಇಲ್ಲ, ಮೊದಲ ಮಾತು "ಕರೆಂಟ್ ಐತೇನು?" ಗುಡಿ ಹೊಂಡದ ಮೀನಕ್ಕ ಚುರಮರಿ ಹಾಕಿ ರೂಢಿಯಾದ ನಾವು ಇಲ್ಲಿಗೂ ಮುಷ್ಟಿ ತುಂಬ ಒಯ್ತೀವಿ. ಮಾಸ್ತರು ಬಾಗಿಲದಾಗ ಅದನ್ನ ಕಸಗೊಂಡು, ಚಹಾದ ಜೋಡಿ ನಮಗ ತಿನಸ್ತಾರ. ದಿನಾ ಮುಂಜಾನಿ ಪೆಟ್ಟಿಗ್ಯಾಗ ಆವಿಯಾಗಿ ಆರಿಹೋದಷ್ಟು ಸಿಹಿನೀರು ಸುರುವಿ, ಉಪ್ಪು ಎಷ್ಟೈತಿ ಅಂತ ನೋಡಿ, ಆಮ್ಯಾಲೇ ಅವರ ಚಹಾ. ಹೋದ ದಸರಾ ಸೂಟ್ಯಾಗ ಹೆಂಡತಿ ಜುಲೇಖಾ ಹಟಾ ಹಿಡಿದು, ಪೆಟ್ಟಿಗಿ ತಮ್ಮನ ಕೈಯಾಗ ಒಪ್ಪಿಸಿ, ಗೋವಾಕ್ಕ ಕರಕೊಂಡು ಹೋದ್ರು. ಮಾಸ್ತರು ಮೊಳಕಾಲತನಕ ನೀರಾಗ ನಿಂತು, ಬೆರಳು ಅದ್ದಿ ನಾಲಿಗಿಗೆ ಹಚ್ಚಿ, "ಉಪ್ಪು ಬರೋಬ್ಬರಿ ಐತಿ" ಅಂದ್ರಂತ. ಆಮ್ಯಾಲೆ ಹೆಂಡತಿ ಕಡೆ ತಿರುಗಿ, "ಇದನ್ನ ಯಾರೂ ಕಾಯೂದು ಬ್ಯಾಡಲ್ಲ?" ಅಂತ ಕೇಳಿದ್ರು. "ಬ್ಯಾಡ್ರಿ" ಅಂದ್ರು ಜುಲೇಖಾ. ಮನ್ಯಾಗ ಫ್ಯಾನ್ ನಿಂತ್ರ ಸಾಕು, ನಿದ್ದಿ ಹರಿದು ಎದ್ದು ಕೂಡೋ ಮಾಸ್ತರು, ತೆರಿಗಳ ಅಷ್ಟು ದೊಡ್ಡ ಸಪ್ಪಳದ ಮುಂದ ಉಸುಕಿನ ಮ್ಯಾಲ ಟಾವೆಲ್ ಹಾಸಿ, ಹೊತ್ತು ಮುಳುಗೋತನಕ ಗೊರಕಿ ಹೊಡದ್ರಂತ.